ಶುಕ್ರನಿಗೆ ಎಷ್ಟು ಚಂದ್ರರು

ಹೋದ ತಿಂಗಳು ಮೈಸೂರಿನ ಮಾರ್ಕೆಟ್ಟಿನ ಪಕ್ಕದ ಒಣಹಣ್ಣಿನ ಅಂಗಡಿಯಲ್ಲಿ ದ್ರಾಕ್ಷಿ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವನು ಯಾವುದೋ ಡಬ್ಬಿಯ ಮುಚ್ಚಳ ತೆಗೆದು, "ಇದು ನೋಡಿ ಮೇಡಂ, ಗಲ್ಫಿಂದ ಬಂದಿರೋದು, ಹೊಸ ಐಟಂ" ಎಂದ. ಒಳಗೆ ಕಪ್ಪಗೆ ಒಣಗಿದ ಪುಟ್ಟ ನಿಂಬೆಹಣ್ಣುಗಳು. ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಹುಳಿ, ಹೊಗೆ, ತುಸು ಕಹಿ… ಅಷ್ಟೇ. ದ್ರಾಕ್ಷಿಯ ಪೊಟ್ಟಣವನ್ನು ಅಲ್ಲೇ ಮರೆತು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ನಾನು ನೆನಪಿನ ಹತ್ತಿರಕ್ಕೂ ಬರಗೊಡದಿದ್ದ ಒಬ್ಬಾಕೆ ಆ ವಾಸನೆಯ ಜೊತೆಗೇ ಬಂದಿದ್ದಳು.

ಆಕೆ ಕತಾರಿನ ದುಖಾನ್ ಎಂಬ ಊರಿನಲ್ಲಿ ನಮ್ಮ ಎದುರುಮನೆಯಾಕೆ. ಚಹಾ ಕುದಿಯುವಾಗ ಈ ಒಣನಿಂಬೆಯನ್ನು ಜಜ್ಜಿ ಹಾಕುತ್ತಿದ್ದಳು. ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ. ಆಕೆಯ ಗಂಡ ಎಣ್ಣೆ ಕಂಪನಿಯ ಸ್ಟೋರಿನಲ್ಲಿದ್ದರು, ನಮ್ಮ ಯಜಮಾನರು ಅದೇ ಕಂಪನಿಯಲ್ಲಿ ಎಂಜಿನಿಯರ್. ರಸ್ತೆಯ ಈ ಬದಿಗೆ ಎಂಜಿನಿಯರುಗಳ ದೊಡ್ಡ ಮನೆಗಳು, ಆ ಬದಿಗೆ ಉಳಿದವರ ಚಿಕ್ಕ ಮನೆಗಳು. ನಡುವೆ ಹತ್ತು ಹೆಜ್ಜೆಯ ಡಾಂಬರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಓದಿದವರೆಲ್ಲ ಆಕೆಗೆ ಅಕ್ಕಂದಿರೇ. ಆಕೆ ಓದಿದ್ದು ಏಳನೇ ಕ್ಲಾಸು, ನಾನು ಫಿಸಿಕ್ಸಿನಲ್ಲಿ ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸು. ಈ ಎರಡು ಸಂಗತಿಗಳನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಬೇರು ಅಲ್ಲಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ದುಖಾನಿನಲ್ಲಿ ಹೆಂಗಸರಿಗೆ ಮಾಡಲು ಏನೂ ಇರಲಿಲ್ಲ. ಶುಕ್ರವಾರ ದೋಹಾಕ್ಕೆ ಹೋಗಿ ನಜ್ಮಾ ಪೇಟೆಯಲ್ಲಿ ತರಕಾರಿ, ಬಟ್ಟೆ, ಟೈಲರು ಎಂದು ಅಲೆದು ಬಂದರೆ ವಾರ ಮುಗಿಯಿತು. ಉಳಿದ ದಿನ ಎ.ಸಿ.ಯ ಗುಂಯ್ ಸದ್ದು, ದೂರದಲ್ಲಿ ಉರಿಯುವ ಅನಿಲದ ಜ್ವಾಲೆ, ಗಾಳಿ ತಿರುಗಿದರೆ ಕೊಳೆತ ಮೊಟ್ಟೆಯಂಥ ನಾತ. ಹಾಗಿರುವಾಗ ಕಂಪನಿಯ ಕ್ಲಬ್ಬಿನಲ್ಲಿ ಹೆಂಗಸರಿಗೆ ಪುಕ್ಕಟೆ ಇಂಗ್ಲಿಷ್ ಕ್ಲಾಸು ಶುರುವಾಗುತ್ತದೆ ಎಂದು ನೋಟೀಸು ಬಂತು. ಹೇಳಿಕೊಡುವಾಕೆ ಒಬ್ಬ ಡ್ರಿಲ್ಲಿಂಗ್ ಎಂಜಿನಿಯರನ ಹೆಂಡತಿ, ಸ್ಕಾಟ್ಲೆಂಡಿನವಳು. ನಾವು ಆಕೆಯನ್ನು ಮೇಡಂ ಎನ್ನುತ್ತಿದ್ದೆವು.

ನನಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಬಾಯಿಗೆ ಬರುತ್ತಿರಲಿಲ್ಲ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಕಾಲೇಜಿನಲ್ಲಿ ಎಲ್ಲವನ್ನೂ ಉರು ಹೊಡೆದು ಬರೆದು ಪಾಸಾದವಳು. ಬರೆಯೆಂದರೆ ನಾಲ್ಕು ಪುಟ ತಪ್ಪಿಲ್ಲದೆ ಬರೆಯುತ್ತಿದ್ದೆ, ಮಾತಾಡು ಎಂದರೆ ಮೊದಲ ಪದಕ್ಕೇ ತಡವರಿಸುತ್ತಿದ್ದೆ. ಯಜಮಾನರ ಆಫೀಸಿನ ಪಾರ್ಟಿಗಳಲ್ಲಿ ನಗುತ್ತ ತಲೆಯಾಡಿಸಿ ಆರು ವರ್ಷ ಕಳೆದಿದ್ದೆ. ಕ್ಲಾಸಿಗೆ ಹೆಸರು ಕೊಟ್ಟೆ. ಎದುರುಮನೆಯಾಕೆಯೂ ಕೊಟ್ಟಳು. "ನಂಗೆ ಎ ಬಿ ಸಿ ಡಿ ಮಾತ್ರ ಗೊತ್ತುಂಟು ಅಕ್ಕ. ಅದ್ರಲ್ಲಿ ಕ್ಯೂ ಬರೆಯುದು ಹೇಗೆ ಅಂತ ಮರ್ತು ಹೋಗಿದೆ" ಎಂದು ನಕ್ಕಳು. ಪಾಪ ಎನಿಸಿತು. ಆಕೆಯನ್ನು ಕಂಡು ನನಗೆ ಪಾಪ ಎನಿಸಿದ್ದು ಅದೇ ಕೊನೆ.

ಆಕೆ ಇಂಗ್ಲಿಷನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದಳು. ವ್ಯಾಕರಣ ಎಂಬುದರ ಗೊಡವೆಯೇ ಇರಲಿಲ್ಲ. ನೆನಪಿದ್ದ ಪದಗಳನ್ನು ಸಾಲಾಗಿ ಜೋಡಿಸಿ, ಸಾಲದ್ದನ್ನು ಕೈಯಿಂದ, ಹುಬ್ಬಿನಿಂದ ತುಂಬಿ ಮಾತಾಡಿಬಿಡುತ್ತಿದ್ದಳು. ಎರಡನೇ ತಿಂಗಳಿಗೆ ಮೇಡಂ ಆಕೆಯ ಜೊತೆ ನಿಂತು ಹರಟೆ ಹೊಡೆಯುವುದನ್ನು ಕಂಡೆ. ಮೇಡಂ ನನ್ನ ನೋಟ್‌ಬುಕ್ಕಿನಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆಯುತ್ತಿದ್ದಳು. ಆದರೆ ನನ್ನ ಜೊತೆ ಹರಟೆ ಹೊಡೆಯುತ್ತಿರಲಿಲ್ಲ.

ಮಾರ್ಕೆಟ್ಟು, ಆಸ್ಪತ್ರೆ, ವಿಮಾನ ನಿಲ್ದಾಣ… ಪಾಠಗಳು ಹೀಗೆ ಸಾಗಿ ಒಂದು ದಿನ ಬಾಹ್ಯಾಕಾಶ ಪ್ರಯಾಣ ಮತ್ತು ಗ್ರಹಗಳ ಪಾಠ ಬಂತು. ಪುಸ್ತಕದ ಎರಡು ಪುಟಗಳ ತುಂಬ ಸೂರ್ಯನೂ ಅವನ ಸುತ್ತ ಒಂಬತ್ತು ಗ್ರಹಗಳೂ. ಆಗ ಇನ್ನೂ ಒಂಬತ್ತೇ. ನನ್ನ ಎದೆ ಹಿಗ್ಗಿತು. ಇದು ನನ್ನ ಪಾಠ, ಇನ್ನು ನೋಡಿ ಎಂದುಕೊಂಡೆ.

ಮೇಡಂ ಮೊದಲು ಒಂದು ಪ್ರಶ್ನೆ ಕೇಳಿದಳು. ನೀವು ಬಾಹ್ಯಾಕಾಶಕ್ಕೆ ಹೊರಟರೆ ಜೊತೆಗೆ ಏನು ತೆಗೆದುಕೊಂಡು ಹೋಗುತ್ತೀರಿ? ನಾನು ಎಲ್ಲರಿಗಿಂತ ಮೊದಲು ಕೈಯೆತ್ತಿ, ಆಮ್ಲಜನಕ, ಒಣಗಿಸಿದ ಆಹಾರ, ಗಾಳಿಯಾಡದ ಉಡುಪು ಎಂದು ಪಟ್ಟಿ ಒಪ್ಪಿಸಿದೆ. "ಕರೆಕ್ಟ್" ಎಂದಳು ಮೇಡಂ. ಆಮೇಲೆ ಎದುರುಮನೆಯಾಕೆ ಎದ್ದು ನಿಂತು ಹೇಳಿದಳು, "ಐ ಟೇಕ್ ಮೈ ಮದರ್-ಇನ್-ಲಾ. ಒನ್ ವೇ ಟಿಕೆಟ್."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಈಜಿಪ್ಟಿನ ಹೆಂಗಸು, ಮಲಯಾಳಿ ನರ್ಸು, ಲಾಹೋರಿನ ಮುದುಕಿ, ಎಲ್ಲರಿಗೂ ಅರ್ಥವಾಗಿತ್ತು. ಮೇಡಂ ಕಣ್ಣೊರೆಸಿಕೊಂಡಳು. ಹಿಂದಿನ ವಾರವಷ್ಟೇ ವಿಮಾನ ನಿಲ್ದಾಣದ ಪಾಠದಲ್ಲಿ ಒನ್ ವೇ, ರಿಟರ್ನ್ ಎಂಬ ಪದಗಳನ್ನು ಕಲಿತಿದ್ದೆವು. ಎಲ್ಲರಂತೆ ನಾನೂ ಕಲಿತಿದ್ದೆ. ನನಗೇಕೆ ಅದು ಹೊಳೆಯಲಿಲ್ಲ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಆ ದಿನ ಸಂಜೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ.

ಗ್ರಹಗಳ ವಿಷಯ ತಿಳಿದುಕೊಳ್ಳಲು ಆಕೆ ನನ್ನಲ್ಲಿಗೇ ಬರತೊಡಗಿದಳು. ಮಧ್ಯಾಹ್ನ ಮೂರಕ್ಕೆ ಒಂದು ಫ್ಲಾಸ್ಕಿನಲ್ಲಿ ಒಣನಿಂಬೆಯ ಚಹಾ, ನೋಟ್‌ಬುಕ್ಕು, ಪೆನ್ಸಿಲು. ನಾವು ಸಸ್ಯಾಹಾರಿಗಳೆಂದು ನಮ್ಮ ಮನೆಗೆ ತರುವುದಕ್ಕೆಂದೇ ಒಂದು ಪಾತ್ರೆ, ಒಂದು ಫ್ಲಾಸ್ಕು ಬೇರೆ ಇಟ್ಟಿದ್ದಳು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಆಕೆ ಕಣ್ಣರಳಿಸಿ ಕೇಳುತ್ತಿದ್ದಳು. ಮುಂಜಾನೆ ಮೂಡುವ ಬೆಳ್ಳಿಯೂ ಸಂಜೆ ಪಡುವಣದಲ್ಲಿ ಹೊಳೆಯುವ ಚುಕ್ಕೆಯೂ ಒಂದೇ, ಅದು ನಕ್ಷತ್ರವಲ್ಲ, ಶುಕ್ರ ಗ್ರಹ ಎಂದಾಗ ಆಕೆ ಪೆನ್ಸಿಲು ಕೆಳಗಿಟ್ಟಳು.

"ಹೌದಾ ಅಕ್ಕ? ನಮ್ಮ ಅಜ್ಜ ಬೆಳ್ಳಿ ನೋಡಿ ದೋಣಿ ಇಳಿಸ್ತಾ ಇದ್ದದ್ದು. ಅದೇ ಇಲ್ಲಿ ಸಂಜೆ ನಮ್ಮ ಹಿತ್ಲಿಂದ ಕಾಣ್ತದಲ್ಲ, ಅದಾ? ಇಲ್ಲಿ ಕೂಡ ಸೂರ್ಯ ನಮ್ಮೂರಿನ ಹಾಗೇ ಸಮುದ್ರಕ್ಕೇ ಬೀಳುದು. ನಾನು ದಿನಾ ನೋಡ್ತಾ ನಿಲ್ತೇನೆ."

ಹೀಗೆ ನಾನು ಕೊಟ್ಟ ಒಣ ಸಂಗತಿಗಳನ್ನು ಆಕೆ ಎತ್ತಿಕೊಂಡು ಹೋಗುತ್ತಿದ್ದಳು, ಕ್ಲಾಸಿನಲ್ಲಿ ಅವು ಬೇರೆಯೇ ಆಗಿ ಹೊರಗೆ ಬರುತ್ತಿದ್ದವು. ನನ್ನ ಆರು ವರ್ಷದ ಮಗಳು ಕೂಡ ಸಂಜೆಯಾದರೆ ಎದುರುಮನೆಗೆ ಓಡುತ್ತಿದ್ದಳು. ಒಂದು ದಿನ ನಾನೇ ಅವಳನ್ನು ಕೂರಿಸಿಕೊಂಡು ಶನಿಯ ಉಂಗುರಗಳ ಬಗ್ಗೆ ಹೇಳಲು ಹೋದೆ. ಅವಳು ಅರ್ಧಕ್ಕೇ ಎದ್ದು, "ಅಮ್ಮ, ನೀನ್ ಹೇಳೋದು ಲೆಸನ್. ಆಂಟಿ ಹೇಳೋದು ಸ್ಟೋರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಶನಿಯ ಉಂಗುರದ ವಿಷಯವನ್ನು ಆ ಆಂಟಿಗೆ ಹೇಳಿಕೊಟ್ಟವಳು ಯಾರು? ನಾನು! ಬಾಗಿಲಲ್ಲಿ ನಿಂತು ನೋಡಿದೆ. ಎದುರುಮನೆಯಾಕೆ ಮಗಳನ್ನು ಎತ್ತಿಕೊಂಡು ಸುತ್ತು ತಿರುಗಿಸುತ್ತಿದ್ದಳು, ಇಬ್ಬರೂ ನಗುತ್ತಿದ್ದರು.

ಆಕೆಗೂ ಇಬ್ಬರು ಹೆಣ್ಣುಮಕ್ಕಳಿದ್ದರು. ಊರಿನಲ್ಲಿ ತಾಯಿಯ ಮನೆಯಲ್ಲಿ ಬಿಟ್ಟಿದ್ದಳು. ದುಖಾನಿನ ಕಂಪನಿ ಶಾಲೆಯಲ್ಲಿ ದೊಡ್ಡ ಗ್ರೇಡಿನವರ ಮಕ್ಕಳಿಗೆ ಮಾತ್ರ ಪ್ರವೇಶ, ಉಳಿದವರು ದೋಹಾಕ್ಕೆ ಬಸ್ಸಿನಲ್ಲಿ ಹೋಗಿಬರಬೇಕು. ಒಂದು ವರ್ಷ ಕಳಿಸಿ ನೋಡಿ, ಮಕ್ಕಳು ದಿನಾ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸೊರಗಿದ್ದನ್ನು ಕಂಡು ಊರಿಗೆ ಬಿಟ್ಟು ಬಂದಿದ್ದರು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮಗಳನ್ನು ಆಕೆ ಎತ್ತಿಕೊಂಡದ್ದು ನನಗೆ ಸಹಿಸಲಾಗಲಿಲ್ಲ.

ಕ್ಲಾಸು ಮುಗಿಯುವ ದಿನಕ್ಕೆ ಮೇಡಂ ಒಂದು ಸಮಾರಂಭ ಇಟ್ಟಳು. ಒಬ್ಬೊಬ್ಬರು ಒಂದೊಂದು ಗ್ರಹದ ಬಗ್ಗೆ ಐದು ನಿಮಿಷ ಮಾತಾಡಬೇಕು. ಗಂಡಂದಿರೂ ಬರುತ್ತಾರೆ, ಕಂಪನಿ ಶಾಲೆಯ ಹೆಡ್‌ಮಿಸ್ ಕೂಡ ಬರುತ್ತಾರೆ. ನರ್ಸರಿಗೆ ಒಬ್ಬ ಸಹಾಯಕಿ ಬೇಕಾಗಿದ್ದಾರಂತೆ, ನಮ್ಮೊಳಗಿಂದಲೇ ಆರಿಸುತ್ತಾರಂತೆ. ಆ ಕೆಲಸ ನನಗೆ ಬೇಕಿತ್ತು. ಬಹಳ ಬೇಕಿತ್ತು. ನಾನು ಎಲ್ಲಕ್ಕಿಂತ ದೊಡ್ಡದಾದ ಗುರುಗ್ರಹವನ್ನು ಆರಿಸಿಕೊಂಡೆ. ಎದುರುಮನೆಯಾಕೆ ಯೋಚಿಸದೆ ಶುಕ್ರ ಎಂದಳು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು, "ಆಕೆಗೆ ಸ್ವಲ್ಪ ಸಹಾಯ ಮಾಡುತ್ತೀಯಾ? ವಿಷಯ ಸರಿ ಇದ್ದರೆ ಸಾಕು, ಉಳಿದದ್ದನ್ನು ಆಕೆ ನೋಡಿಕೊಳ್ಳುತ್ತಾಳೆ." ಉಳಿದದ್ದನ್ನು ಆಕೆ ನೋಡಿಕೊಳ್ಳುತ್ತಾಳೆ… ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು.

ಅದೇ ದಿನ ಮಧ್ಯಾಹ್ನ ಆಕೆ ಫ್ಲಾಸ್ಕು ಹಿಡಿದು ಬಂದಳು. ಶುಕ್ರ ಎಷ್ಟು ಬಿಸಿ, ಅಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ, ವರ್ಷ ಎಷ್ಟು ದಿನದ್ದು, ಎಲ್ಲ ಕೇಳಿದಳು. ಎಲ್ಲವನ್ನೂ ಸರಿಯಾಗಿಯೇ ಹೇಳಿದೆ. ಕೊನೆಗೆ ಪೆನ್ಸಿಲನ್ನು ಕೆನ್ನೆಗೆ ಒತ್ತಿಕೊಂಡು, "ಅಕ್ಕ, ಭೂಮಿಗೆ ಒಂದು ಚಂದ್ರ. ನಿಮ್ಮ ಗುರುವಿಗೆ ಎಷ್ಟೆಷ್ಟೋ ಉಂಟಂತೆ. ನನ್ನ ಶುಕ್ರನಿಗೆ ಎಷ್ಟು?" ಎಂದಳು.

ಶುಕ್ರನಿಗೆ ಚಂದ್ರನಿಲ್ಲ. ಒಂದೂ ಇಲ್ಲ. ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ಸಂಗತಿ.

"ಎರಡು" ಎಂದೆ.

ಬಾಯಿ ತಪ್ಪಿತು, ಮಂಗಳನ ಲೆಕ್ಕವನ್ನು ಶುಕ್ರನಿಗೆ ಹೇಳಿಬಿಟ್ಟೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ನಾನು ಆಕೆಯ ಮುಖ ನೋಡಿಯೇ ಹೇಳಿದ್ದು. ಆದರೆ ಆ ಮುಖ ಹಾಗೆ ಅರಳುತ್ತದೆ ಎಂದು ನಾನು ಎಣಿಸಿರಲಿಲ್ಲ. "ಎರಡಾ?" ಎಂದಳು. "ಸರಿ ಎರಡೇ ಅಲ್ವಾ ಅಕ್ಕ?" ಇಷ್ಟೊಂದು ಖುಷಿ ಯಾಕೆಂದು ನನಗೆ ತಿಳಿಯಲಿಲ್ಲ. ತಲೆಯಾಡಿಸಿದೆ. ಆಕೆ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಎರಡು ಎಂದು ಬರೆದು ಸುತ್ತ ಒಂದು ಗೆರೆ ಹಾಕಿದಳು.

ಸಮಾರಂಭಕ್ಕೆ ಇನ್ನೂ ಐದು ದಿನವಿತ್ತು. ಹತ್ತು ಹೆಜ್ಜೆಯ ರಸ್ತೆ. ಒಮ್ಮೆ ದಾಟಿ ಹೋಗಿ, ತಪ್ಪು ಹೇಳಿದೆ ಕಣ್ರೀ, ಶುಕ್ರನಿಗೆ ಚಂದ್ರನಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎರಡು ಸಲ ಗೇಟಿನವರೆಗೆ ಹೋದೆ ಕೂಡ. ಎರಡನೆಯ ಸಲ ನನ್ನ ಮಗಳ ನಗು ಆ ಮನೆಯೊಳಗಿಂದ ಕೇಳಿಸಿತು. ಹಿಂದಿರುಗಿದೆ.

ಗುರುವಾರ ಸಂಜೆ ಕ್ಲಬ್ಬಿನ ಹಾಲು ತುಂಬಿತ್ತು. ನಾನು ಮೊದಲಿಗಳು. ವಿಶ್ವಕೋಶದಿಂದ ಎತ್ತಿ ಬರೆದು ಬಾಯಿಪಾಠ ಮಾಡಿದ್ದನ್ನು ಸರಾಗವಾಗಿ ಒಪ್ಪಿಸುತ್ತ ಹೋದೆ. ಗುರುಗ್ರಹದ ಕೆಂಪು ಮಚ್ಚೆಯ ಹತ್ತಿರ ಬಂದಾಗ ಒಂದು ಪದ ತಪ್ಪಿತು. ಅದರ ಹಿಂದೆಯೇ ಉಳಿದದ್ದೆಲ್ಲ ಮಾಯವಾಯಿತು. ಥ್ಯಾಂಕ್ಯೂ ಎಂದು ಕುಳಿತೆ. ಸಭ್ಯವಾಗಿ ಚಪ್ಪಾಳೆ ತಟ್ಟಿದರು.

ಐದನೆಯವಳಾಗಿ ಆಕೆ ಎದ್ದಳು. ಹಸಿರು ಸೀರೆ, ತಲೆಯ ಮೇಲೆ ಬಿಳಿ ವೇಲು. ಕೈಯಲ್ಲಿ ಕಾಗದವಿಲ್ಲ. "ಗುಡ್ ಈವ್ನಿಂಗ್. ಐ ಯಾಮ್ ವೀನಸ್" ಎಂದಳು.

ತಾನೇ ಶುಕ್ರನಾಗಿ ನಿಂತು ಮಾತಾಡಿದಳು. ನಾನು ಬಹಳ ಬಿಸಿ, ನನ್ನ ಮುಂದೆ ನಿಮ್ಮ ದುಖಾನು ಫ್ರಿಜ್ಜು ಎಂದಳು. ಗಂಡಸರು ನಕ್ಕರು. ನನ್ನಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ, ನಾನು ಎಷ್ಟು ನಿಧಾನವೆಂದರೆ ನನ್ನ ಸುತ್ತ ನಾನು ಒಂದು ಸುತ್ತು ಬರುವಷ್ಟರಲ್ಲಿ ನನ್ನ ವರ್ಷವೇ ಮುಗಿದು ಹುಟ್ಟುಹಬ್ಬ ಬಂದುಬಿಡುತ್ತದೆ, ಕೇಕು ಮಾಡಲೂ ಪುರುಸೊತ್ತಿಲ್ಲ ಎಂದಳು. ಮತ್ತೆ ನಗು. ದೂರದಿಂದ ನೋಡಿದವರು ಎಷ್ಟು ಚಂದ ಎನ್ನುತ್ತಾರೆ, ಒಳಗೆ ಉರಿಯುತ್ತಿರುವುದು ಯಾರಿಗೂ ಗೊತ್ತಿಲ್ಲ ಎಂದಳು. ಈ ಸಲ ಯಾರೂ ನಗಲಿಲ್ಲ. ಎಲ್ಲ ನಾನು ಕೊಟ್ಟ ಸಂಗತಿಗಳೇ. ಒಂದೊಂದನ್ನೂ ಗುರುತಿಸುತ್ತ ಕುಳಿತಿದ್ದೆ.

ಆಮೇಲೆ ಆಕೆ ದನಿ ತಗ್ಗಿಸಿದಳು. "ಐ ಹ್ಯಾವ್ ಟೂ ಮೂನ್ಸ್" ಎಂದಳು. ನನಗೆ ಇಬ್ಬರು ಚಂದ್ರರು. ದೊಡ್ಡ ಚಂದ್ರನಿಗೆ ಹನ್ನೊಂದು ವರ್ಷ, ಚಿಕ್ಕ ಚಂದ್ರನಿಗೆ ಎಂಟು. ಅವರು ನನ್ನ ತಾಯಿಯ ಮನೆಯಲ್ಲಿದ್ದಾರೆ. ನಾನು ಇಲ್ಲಿ ಸುತ್ತುತ್ತೇನೆ, ಅವರು ಅಲ್ಲಿ ಸುತ್ತುತ್ತಾರೆ. "ನೋ ಮೀಟಿಂಗ್. ಓನ್ಲಿ ಜುಲೈ."

ಆಕೆಯ ಗಂಡ ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದರು. ಮೇಡಂ ಕರ್ಚೀಫು ತೆಗೆದಳು. ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ. ಎರಡು ಎಂದಾಗ ಆಕೆಯ ಮುಖ ಯಾಕೆ ಹಾಗೆ ಅರಳಿತು ಎಂದು ಆಗ ನನಗೆ ತಿಳಿಯಿತು.

ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಿಂದ ಒಬ್ಬ ಬಿಳಿಗಡ್ಡದ ಭೂವಿಜ್ಞಾನಿ ಎದ್ದ. ಒಳ್ಳೆಯ ಮನುಷ್ಯ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಹಳ ಸೊಗಸಾದ ಭಾಷಣ, ಆದರೆ ಒಂದು ಸಣ್ಣ ತಿದ್ದುಪಡಿ, ಶುಕ್ರನಿಗೆ ಚಂದ್ರರಿಲ್ಲ ಎಂದ. ಹೆಡ್‌ಮಿಸ್ ಕೂಡ ತಲೆಯಾಡಿಸಿ, ಒಂದೂ ಇಲ್ಲ ಎಂದು ಮುಗುಳ್ನಕ್ಕರು.

"ನೋ ಮೂನ್?" ಎಂದಳು ಆಕೆ.

"ಐ ಯಾಮ್ ಅಫ್ರೇಡ್ ನಾಟ್" ಎಂದ ಅವನು.

ಆಕೆ ಒಮ್ಮೆ ನಮ್ಮ ಸಾಲಿನತ್ತ ನೋಡಿದಳು. ನನ್ನನ್ನೇ ನೋಡಿದಳು. ಕಣ್ಣಿನಲ್ಲಿ ಕೋಪವಿರಲಿಲ್ಲ. ಏನೋ ಕೂಡಿಸಿ ಕಳೆದು ನೋಡುತ್ತಿರುವವಳ ಹಾಗೆ… ಅಷ್ಟೇ. ಮತ್ತೆ ಅವನ ಕಡೆ ತಿರುಗಿ, "ಸಾರಿ ಸರ್. ಮೈ ಟೀಚರ್ ಟೆಲ್ಲಿಂಗ್ ಕರೆಕ್ಟ್. ಮೈ ಇಯರ್ ಈಸ್ ರಾಂಗ್" ಎಂದು ತನ್ನ ಕಿವಿ ಮುಟ್ಟಿ ತೋರಿಸಿದಳು. ಆಮೇಲೆ, "ಓಕೆ. ನೋ ಮೂನ್" ಎಂದು ಕುಳಿತಳು.

ನಾನು ಎದ್ದು ನಿಲ್ಲಬಹುದಿತ್ತು. ಯಜಮಾನರು ನನ್ನ ಕಿವಿಯಲ್ಲಿ, "ಆಕೆಗೆ ಹೇಳಿಕೊಟ್ಟಿದ್ದು ನೀನೇ ಅಲ್ವಾ?" ಎಂದರು. "ಹೌದು. ತಪ್ಪಾಗಿ ಕೇಳಿಸ್ಕೊಂಡಿರಬೇಕು" ಎಂದೆ.

ನರ್ಸರಿಯ ಕೆಲಸ ನನಗೆ ಸಿಕ್ಕಿತು. ಏಳನೇ ಕ್ಲಾಸಿನವಳಿಗೆ ಹೇಗೂ ಕೊಡುತ್ತಿರಲಿಲ್ಲವೇನೋ. ಆ ಒಂದು 'ವೇನೋ' ಹಿಡಿದುಕೊಂಡು ಎಷ್ಟೋ ವರ್ಷ ನಿದ್ದೆ ಮಾಡಿದ್ದೇನೆ.

ಮೂರು ದಿನ ಎದುರುಮನೆಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಆಕೆ ನಮಗೆಂದೇ ಬೇರೆ ಇಟ್ಟಿದ್ದ ಆ ಪಾತ್ರೆಯಲ್ಲಿ ಅಕ್ಕಿರೊಟ್ಟಿ, ತೆಂಗಿನಹಾಲು ತಂದಳು. "ಕೆಲಸ ಸಿಕ್ಕಿತಂತೆ, ಒಳ್ಳೇದಾಯ್ತು ಅಕ್ಕ. ಮಕ್ಕಳಿಗೆ ಸರಿಯಾದ್ದೇ ಹೇಳಿಕೊಡ್ಬೇಕಲ್ಲ, ನಿಮ್ಮ ಹಾಗೆ ಓದಿದವರೇ ಬೇಕು" ಎಂದಳು. ಚುಚ್ಚಿದಳೋ, ಮನಸಾರೆ ಹೇಳಿದಳೋ, ಇವತ್ತಿಗೂ ನನಗೆ ತಿಳಿದಿಲ್ಲ. ಹೊರಡುವಾಗ, "ನಂಗೂ ಒಂದು ಆಸೆ ಇತ್ತು. ಹೋಗ್ಲಿ" ಎಂದಳು. ಏನು ಆಸೆ ಎಂದು ನಾನು ಕೇಳಲಿಲ್ಲ.

ಕೆಲಸಕ್ಕೆ ಸೇರುವ ದಿನ ಶಾಲೆಯ ಗುಮಾಸ್ತ ಒಂದು ಫಾರಂ ಕೊಟ್ಟ. ಅದರಲ್ಲಿ ಪ್ರವೇಶ ಬೇಕಾದ ಮಕ್ಕಳ ಹೆಸರು ಎಂದು ಒಂದು ಕಾಲಂ ಇತ್ತು. ಇದೇನು ಎಂದು ಕೇಳಿದೆ. ಶಾಲೆಯಲ್ಲಿ ಕೆಲಸ ಮಾಡುವವರ ಮಕ್ಕಳಿಗೆ, ತಂದೆಯ ಗ್ರೇಡು ಯಾವುದೇ ಇರಲಿ, ಇಲ್ಲೇ ಸೀಟು ಕೊಡುತ್ತಾರೆ ಎಂದ. ನನ್ನ ಮಗಳು ಆಗಲೇ ಅದೇ ಶಾಲೆಯಲ್ಲಿ ಒಂದನೇ ಕ್ಲಾಸಿನಲ್ಲಿದ್ದಳು. "ನಿಮಗೆ ಬೇಡವಲ್ಲ" ಎಂದು ಆ ಕಾಲಮ್ಮಿನ ಮೇಲೆ ಅವನೇ ಅಡ್ಡಗೆರೆ ಎಳೆದ. ಕುರ್ಚಿಯ ಮೇಲೆ ಕುಳಿತಿದ್ದೆ ನಿಜ, ಆದರೆ ಕೆಳಗೆ ಕುರ್ಚಿಯೇ ಇಲ್ಲದ ಹಾಗಾಯಿತು.

ಇಷ್ಟಾದ ಮೇಲಾದರೂ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಆಕೆ ಆಮೇಲೆ ನನ್ನ ಹತ್ತಿರ ಯಾವ ಸಂಗತಿಯನ್ನೂ ಕೇಳಲಿಲ್ಲ. ಚಹಾ ತರುತ್ತಿದ್ದಳು, ಊರಿನ ಸುದ್ದಿ ಹೇಳುತ್ತಿದ್ದಳು, ಮಗಳ ಜಡೆ ಹಾಕುತ್ತಿದ್ದಳು. ನೋಟ್‌ಬುಕ್ಕು ಮಾತ್ರ ತರುತ್ತಿರಲಿಲ್ಲ. ಕ್ಲಬ್ಬಿನ ಲೈಬ್ರರಿಯಿಂದ ಮಕ್ಕಳ ಪುಸ್ತಕಗಳನ್ನು ತಂದು, ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಿದ್ದಳು. ಇನ್ನೊಬ್ಬರನ್ನು ಕೇಳುವ ಅಗತ್ಯ ಬೀಳಬಾರದೆಂದು ಓದಿದವಳ ಓದು ಅದು. ಒಂದು ವರ್ಷದಲ್ಲಿ ಆಕೆಯ ಇಂಗ್ಲಿಷ್ ಎಲ್ಲಿಗೆ ಹೋಯಿತೆಂದರೆ, ಭಾಷೆ ಬಾರದ ಹೆಂಗಸರು ಆಸ್ಪತ್ರೆಗೆ ಹೋಗುವಾಗ ಆಕೆಯನ್ನೇ ಜೊತೆಗೆ ಕರೆದೊಯ್ಯುತ್ತಿದ್ದರು. ನರ್ಸರಿಯಲ್ಲಿ ನಾನು ಮಕ್ಕಳಿಗೆ ಬಣ್ಣದ ಕಾಗದ ಕತ್ತರಿಸಿ ಕೊಡುತ್ತಿದ್ದೆ. ಇನ್ನೂ ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಬರೆದುಕೊಂಡೇ ಬಾಯಿ ತೆರೆಯುತ್ತಿದ್ದೆ. ಆಕೆ ನಗುತ್ತ ಗೇಟಿನ ಮುಂದೆ ಹಾದುಹೋದಾಗಲೆಲ್ಲ ಪರದೆ ಸರಿಸಿ ನೋಡುತ್ತಿದ್ದೆ.

ಮರುವರ್ಷ ಆಕೆ ಊರಿಗೆ ಹೋಗುವುದೆಂದು ತೀರ್ಮಾನಿಸಿದಳು. ದೊಡ್ಡ ಮಗಳು ಹೈಸ್ಕೂಲಿಗೆ ಬಂದಿದ್ದಳು, ಆಕೆಯ ತಾಯಿಗೂ ಕೈಲಾಗುತ್ತಿರಲಿಲ್ಲ. ಗಂಡ ಕ್ಯಾಂಪಿನ ರೂಮಿಗೆ ಹೋಗುವವರಿದ್ದರು. ಹೊರಡುವ ದಿನ ಬೆಳಿಗ್ಗೆ ಕಾರು ಬಂದು ನಿಂತಿತ್ತು. ಸಾಮಾನು ತುಂಬುತ್ತಿದ್ದರು. ನಾನು ರಸ್ತೆ ದಾಟಿ ಹೋದೆ. ಇವತ್ತು ಹೇಳಿಯೇ ಬಿಡಬೇಕು ಎಂದು ಹಿಂದಿನ ದಿನವಿಡೀ ಮಾತು ಜೋಡಿಸಿಟ್ಟುಕೊಂಡಿದ್ದೆ.

"ನಿಮ್ಮ ಹತ್ರ ಒಂದ್ಮಾತು ಹೇಳ್ಬೇಕಿತ್ತು. ಆವತ್ತು ಕ್ಲಬ್ಬಲ್ಲಿ…" ಎಂದೆ.

ಆಕೆ ನನ್ನ ಕೈ ಹಿಡಿದುಕೊಂಡಳು. ಬೆಚ್ಚಗಿನ, ಒರಟು ಕೈ. "ಬೇಡ ಅಕ್ಕ. ಹೇಳ್ಬೇಡಿ" ಎಂದಳು. "ನೀವು ಹೇಳಿದ್ರೆ ನಾನು ಪರವಾಗಿಲ್ಲ ಅನ್ಬೇಕಾಗ್ತದೆ. ಅದು ನನ್ನಿಂದ ಆಗುದಿಲ್ಲ."

ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಮೀನು ಸಿಗುದಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಡ್ರೈವರು ಹೊರಡುವ ಅವಸರದಲ್ಲಿ "ಯಲ್ಲಾ, ಯಲ್ಲಾ" ಎಂದು ಕೂಗಿದ. ಆಕೆ ನನ್ನ ಮಗಳನ್ನು ಅಪ್ಪಿ ಮುದ್ದಿಟ್ಟು ಕಾರು ಹತ್ತಿದಳು. ಮಗಳು ರಸ್ತೆಯ ತಿರುವಿನವರೆಗೆ ಓಡಿ, ಬಿಕ್ಕುತ್ತ ಹಿಂದಿರುಗಿದಳು. ಅವಳನ್ನು ಸಮಾಧಾನ ಮಾಡಲು ಹೋದೆ. ಕೈ ಕೊಡವಿ ಒಳಗೆ ಹೋದಳು.

ಒಣಹಣ್ಣಿನ ಅಂಗಡಿಯಿಂದ ಬಂದ ಎರಡು ದಿನಕ್ಕೆ, ಯಜಮಾನರ ಹಳೆಯ ಸಹೋದ್ಯೋಗಿಯೊಬ್ಬರಿಂದ ನಂಬರು ಹುಡುಕಿಸಿ ಫೋನ್ ಮಾಡಿದೆ. ಏನು ಮಾತಾಡಬೇಕೆಂದು ಈ ಸಲ ಜೋಡಿಸಿಟ್ಟುಕೊಂಡಿರಲಿಲ್ಲ. ಎತ್ತಿದ್ದು ಹಿರಿಯ ಮಗಳು. ಅದೇ ದನಿ, ಅದೇ ಎಳೆತ. ಒಂದು ಕ್ಷಣ ಆಕೆಯೇ ಎಂದುಕೊಂಡೆ.

"ಉಮ್ಮ ತೀರಿಹೋಗಿ ಎರಡು ವರ್ಷ ಆಯ್ತಲ್ಲ" ಎಂದಳು. "ನೀವು ಯಾರು ಗೊತ್ತಾಗಲಿಲ್ಲ."

"ದುಖಾನಿನಲ್ಲಿ ಎದುರುಮನೆ" ಎಂದೆ.

"ಓ…" ಎಂದಳು. ಆಮೇಲೆ, "ಗೊತ್ತುಂಟು. ಉಮ್ಮ ಹೇಳಿದ್ದಾರೆ" ಎಂದಳು.

ಏನು ಹೇಳಿದ್ದಾರೆ ಎಂದು ನಾನು ಕೇಳಲಿಲ್ಲ. ಅವಳೂ ಅದನ್ನು ಮುಂದುವರಿಸಲಿಲ್ಲ. ತಾನಾಗಿಯೇ ತಾಯಿಯ ವಿಷಯ ಹೇಳತೊಡಗಿದಳು. ಊರಿಗೆ ಬಂದ ಮೇಲೆ ಆಕೆ ಓಣಿಯ ಹೆಂಗಸರಿಗೆಲ್ಲ ಸಂಜೆ ಹೊತ್ತು ಜಗಲಿಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳಂತೆ. ಮೊದಲ ಪಾಠ ಗ್ರಹಗಳದ್ದೇ, ಮಾರ್ಕೆಟ್ಟು ಆಸ್ಪತ್ರೆಯೆಲ್ಲ ಆಮೇಲೆ. ಬೀಡಿ ಕಟ್ಟುತ್ತ ಹೆಂಗಸರು ಮರ್ಕ್ಯುರಿ, ವೀನಸ್ ಎಂದು ಒಪ್ಪಿಸುತ್ತಿದ್ದರಂತೆ. ಹಾಸಿಗೆ ಹಿಡಿದ ಮೇಲೂ ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲೇ ತಮಾಷೆ ಮಾಡುತ್ತಿದ್ದಳಂತೆ. ಅಷ್ಟು ಹೇಳುವಷ್ಟರಲ್ಲಿ ಹುಡುಗಿಯ ದನಿ ಒಡೆಯಿತು. ಹುಡುಗಿ ಎಂದೆ… ಅವಳಿಗೂ ಈಗ ನಲವತ್ತು ಇದ್ದೀತು. ಕ್ಷಮಿಸಿ ಎಂದು ಹೇಳಿ, ಹೇಳಿದ ಮೇಲೂ ತಡೆಯಲಾರದೆ, ಪರಿಚಯವೇ ಇಲ್ಲದ ನನ್ನ ಮುಂದೆ ಜೋರಾಗಿ ಅತ್ತಳು.

ನಾನು ಫೋನನ್ನು ಕಿವಿಗೊತ್ತಿಕೊಂಡು ಕೇಳುತ್ತ ನಿಂತಿದ್ದೆ. ಸುಳ್ಳು ಹೇಳುವುದಿಲ್ಲ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಆ ಓಣಿಯ ಬೀಡಿ ಕಟ್ಟುವ ಹೆಂಗಸರ ಮೇಲೂ ಆಯಿತು. ಅವರೆಲ್ಲ ಆಕೆಗಾಗಿ ಹೀಗೆ ಬಾಯಿ ಬಿಟ್ಟು ಅಳಬಹುದು, ಯಾಕೆಂದು ಅವರನ್ನು ಯಾರೂ ಕೇಳುವುದಿಲ್ಲ.